ಬಲೆ ಎತ್ತಿ ಚರಗ ಚೆಲ್ಲಿದ ವರ್ಷ

"ದೊಡ್ಡವ್ವ, ನನಗ ವೈನ್ ಮಾಡೋರು ಬ್ಯಾಡ. ತೊಳಿಯೋರು ಬೇಕು."

ಹೊಸಪೇಟೆಗೆ ಹೊಂದಿಕೊಂಡ ಚಿತ್ತವಾಡ್ಗಿಯ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ತಂಗಿಯ ಮಗಳು ಹೀಗೆಂದಾಗ ನಾನು ಹಾಲಿನ ಪಾತ್ರೆ ಉಜ್ಜುತ್ತಿದ್ದೆ. ತಲೆ ಎತ್ತದೆ ಕೇಳಿದೆ, "ಏನು ತೊಳಿಯೋದು?"

"ಎಲ್ಲಾ. ಟ್ಯಾಂಕು, ಪೈಪು, ಪ್ರೆಸ್ಸು, ಬುಟ್ಟಿ, ನೆಲ, ಗ್ವಾಡಿ. ತೊಳದದ್ದನ್ನ ಮತ್ತ ತೊಳಿಯೋದು."

ನನ್ನ ಕೈ ನಿಂತಿತು. ನಿವೃತ್ತಿಯಾದ ಮೇಲೆ ಯಾರೂ ನನ್ನನ್ನು ಇಷ್ಟು ಒಳ್ಳೆಯ ಕೆಲಸಕ್ಕೆ ಕರೆದಿರಲಿಲ್ಲ.

ನಾನು ಆಪರೇಷನ್ ಥಿಯೇಟರಿನಲ್ಲಿ ಸಿಸ್ಟರ್ ಆಗಿ ದುಡಿದವಳು. ಅಲ್ಲಿ ಪ್ರತಿ ಕತ್ತರಿಗೂ ಒಂದು ಜಾಗ, ಪ್ರತಿ ಬಟ್ಟೆಗೂ ಒಂದು ಮಡಿಕೆ. ತೊಳೆದ ಕೈಯನ್ನು ಸೆರಗಿಗೂ ತಾಗಿಸುವಂತಿಲ್ಲ. ಆ ಶಿಸ್ತು ಒಮ್ಮೆ ಮೈಗೆ ಹತ್ತಿದರೆ ಬಿಡುವುದಿಲ್ಲ. ಈಗಲೂ ಕೋಳಿ ಕೂಗುವ ಮುಂಚೆ ಏಳುತ್ತೇನೆ. ಹಾಸಿಗೆಯ ಮೂಲೆಗಳನ್ನು ವಾರ್ಡಿನ ಹಾಸಿಗೆಯಂತೆ ಮಡಚುತ್ತೇನೆ. ಸ್ನಾನ, ವಿಭೂತಿ, ಚಹಾ, ಅಂಗಳ. ಈ ಕ್ರಮ ತಪ್ಪಿದರೆ ಆ ದಿನವೇ ವಕ್ರ. ನಮ್ಮ ಓಣಿಯ ಆಟೊದವರು ನಾನು ರಂಗೋಲಿ ಮುಗಿಸಿದ್ದು ನೋಡಿ ಗಾಡಿ ಚಾಲೂ ಮಾಡುತ್ತಾರೆ, ಗಡಿಯಾರ ನೋಡಿ ಅಲ್ಲ.

"ಯಾವಾಗಿಂದ?" ಎಂದೆ.

"ನಾಳಿಯಿಂದ."

"ನಾಳಿ ಯಾಕ? ಇನ್ನೂ ಮಧ್ಯಾಹ್ನ ಆಗಿಲ್ಲ, ನಡಿ" ಎಂದು ಸೀರೆ ಬದಲಿಸಲು ಒಳಗೆ ಹೋದೆ.

ಅವಳನ್ನು ನಾನು ಮಗಳು ಎಂದೇ ಕರೆಯುವುದು, ಇಲ್ಲಿಯೂ ಹಾಗೆಯೇ ಬರೆಯುತ್ತೇನೆ. ತೋಟಗಾರಿಕೆ ಓದಿ, ನಾಸಿಕದ ಕಡೆಯ ವೈನ್ ತೋಟಗಳಲ್ಲಿ ದುಡಿದು ಬಂದವಳು. ಬಂದವಳೇ ಸಂಡೂರಿನ ಕಡೆಗೆ ತನ್ನ ಅಪ್ಪನ ಮನೆತನಕ್ಕೆ ಸೇರಿದ್ದ ಒಂದು ಇಳಿಜಾರನ್ನು ಕೇಳಿದಳು. ಇಳಿಜಾರು ಎನ್ನುವುದು ಮರ್ಯಾದೆಯ ಮಾತು, ಅದು ಗುಡ್ಡದ ಬೆನ್ನು. ಕೆಂಪು ಮಣ್ಣು, ಕಾಲಿಟ್ಟರೆ ಉರುಳುವ ಸಣ್ಣ ಕಲ್ಲು, ಸೀತಾಫಲದ ಪೊದೆ. ಮೇಕೆ ಮೇಯಿಸುವವರೂ ಬೈದುಕೊಂಡೇ ಹತ್ತುತ್ತಿದ್ದರು. ಕಂಪ್ಲಿಯಲ್ಲಿ ಕಾಲುವೆ ನೀರಿನ ಗದ್ದೆ, ಅಕ್ಕಿ ಗಿರಣಿ ಇಟ್ಟುಕೊಂಡವರಿಗೆ ಅದೊಂದು ಭೂಮಿಯೇ ಅಲ್ಲ.

ಮಗಳಿಗೆ ಮಾತ್ರ ಅದೇ ಬೇಕಾಗಿತ್ತು. ಮಳೆ ಬಂದರೆ ನೀರು ನಿಲ್ಲದೆ ಇಳಿದು ಹೋಗುತ್ತದೆ. ಬೆಳಗಿನ ಎಳೆ ಬಿಸಿಲು ನೇರ ಬೀಳುತ್ತದೆ, ಮಧ್ಯಾಹ್ನ ಇಳಿದ ಮೇಲೆ ಗುಡ್ಡದ್ದೇ ನೆರಳು. ನಮ್ಮ ಬಳ್ಳಾರಿ ಬಿಸಿಲಿಗೆ ಹಣ್ಣಿನ ಹುಳಿ ಸುಟ್ಟು ಹೋಗುತ್ತದಂತೆ. ಹುಳಿ ಹೋದರೆ ಬಿಳಿ ವೈನಿನಲ್ಲಿ ಜೀವವೇ ಇರುವುದಿಲ್ಲವಂತೆ. "ಹಂಪಿ ಬಜಾರದಾಗ ಹಗಲೆಲ್ಲಾ ಕಲ್ಲು ನೋಡಿ, ಕಾದು ಕೆಂಪಾಗಿ ಹೊಸಪ್ಯಾಟಿ ಹೋಟೆಲಿಗೆ ಬರ್ತಾರಲ್ಲ ದೊಡ್ಡವ್ವ, ಆ ಟೂರಿಸ್ಟರಿಗೆ ತಣ್ಣಂದು ಬೇಕು, ಬೆಳ್ಳಂದು ಬೇಕು" ಎನ್ನುತ್ತಿದ್ದಳು. ಅವಳು ನೆಟ್ಟ ತಳಿಗೆ ಶೆನಿನ್ ಬ್ಲಾಂಕ್ ಎಂದು ಹೆಸರು. ಕೂಲಿ ಹೆಂಗಸರ ಬಾಯಲ್ಲಿ ಅದು ಮೊದಲ ವಾರವೇ 'ಚೆನ್ನಿ' ಆಯಿತು. "ಚೆನ್ನಿಗೆ ನೀರು ಬಿಟ್ಯೇನ? ಚೆನ್ನಿ ಕೂದ್ಲ ಕತ್ತರಿಸ್ಬೇಕು" ಎಂದು, ಮನೆಗೆ ಬಂದ ಸೊಸೆಯ ಬಗ್ಗೆ ಮಾತನಾಡಿದ ಹಾಗೆ.

ಕೆಲಸಕ್ಕೆ ಬಾರದ ಭೂಮಿಯೆಂದು ಕೊಟ್ಟರೂ, ಇಷ್ಟಕ್ಕೆಲ್ಲ ಅಡ್ಡ ನಿಂತವರು ತಂಗಿಯ ಗಂಡ. ಅವರು ಕಂಪ್ಲಿಯ ಗಿರಣಿ ಸಾಹುಕಾರರು. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಮನೆಯಲ್ಲಿ ಈರುಳ್ಳಿಯನ್ನೂ ವಾರ ನೋಡಿ ಹೆಚ್ಚುವವರು. ಬಸ್‌ಸ್ಟ್ಯಾಂಡಿನಲ್ಲಿ ಯಾರೋ "ಗಿರಣಿಯವ್ರ ಮಗಳು ಸೆರೆ ಇಳಸ್ತಾಳಂತ" ಎಂದು ವೈನನ್ನು ಹೆಂಡಕ್ಕೆ ಸೇರಿಸಿ ನಕ್ಕಿದ್ದು ಅವರ ಕಿವಿಗೆ ಬಿದ್ದಿತ್ತು. ಬಳ್ಳಿ ನೆಟ್ಟಾಗ ಅವರು ಬರಲಿಲ್ಲ, ಹಂದರ ಎದ್ದಾಗಲೂ ಬರಲಿಲ್ಲ. ಪರವಾನಗಿ ಸಿಕ್ಕು, ಗುಡ್ಡದ ಬುಡದಲ್ಲಿ ಶೆಡ್ ಎದ್ದು, ಒಳಗೆ ಒಂದು ಸಣ್ಣ ಉಕ್ಕಿನ ಟ್ಯಾಂಕು ನಿಂತಾಗಲೂ ಅವರ ಚಪ್ಪಲಿ ಆ ಮಣ್ಣು ತುಳಿದಿರಲಿಲ್ಲ.

ಆ ಟ್ಯಾಂಕಿನ ಮೇಲೆಯೇ ಅಪ್ಪ ಮಗಳ ಪಣ. ಕಂಪ್ಲಿಯ ಮನೆಯಲ್ಲಿ ಊಟಕ್ಕೆ ಕುಳಿತಾಗ ನನ್ನ ಎದುರಿಗೇ ಆದ ಮಾತು.

"ಅಪ್ಪಾಜಿ, ಈ ಸಲ ಮೊದಲ್ನೇ ಪೂರ್ತಿ ಬೆಳಿ. ಒಂದ ಟ್ಯಾಂಕು ತುಂಬಿಸಿ ತೋರಸ್ತೀನಿ" ಎಂದಳು ಮಗಳು.

"ತುಂಬಿದ್ರ ನಾ ಬಾಯಿ ಮುಚ್ಚಿದೆ. ತುಂಬ್ಲಿಲ್ಲಂದ್ರ?"

"ನೀವ ಹೇಳ್ರಿ."

"ಬಳ್ಳಿ ಕೀಳಸ್ತೀನಿ. ದಾಳಿಂಬಿ ಹಚ್ಚೋರು ಲೀಸಿಗೆ ಕೇಳಾಕತ್ಯಾರ. ಭತ್ತ ಸುರಿಯೋ ಹಾಪರ್ ಅರ್ಧ ಇಟ್ಕಂಡು ಗಿರಣಿ ಓಡಿಸಿದವ ಯಾವನೂ ಉದ್ಧಾರ ಆಗಿಲ್ಲ."

ತಂಗಿ ಅನ್ನದ ಮೇಲೆ ತುಪ್ಪ ಹಾಕುತ್ತಿದ್ದವಳು ಚಮಚ ಹಿಡಿದೇ ನಿಂತಳು. ಮಗಳು "ಆತು" ಎಂದಳು. ಅಷ್ಟೇ. ಅವರು ನನ್ನ ಕಡೆ ತಿರುಗಿ, "ಅಕ್ಕಾರ, ನೀವೂ ಸೇರ್ಕಂಡ್ರಂತ ಈ ಸೆರೆ ಅಂಗಡ್ಯಾಗ?" ಎಂದರು.

"ಸೆರೆ ಇನ್ನೂ ಆಗಿಲ್ಲ. ನಾ ಸದ್ಯಕ್ಕ ಪಾತ್ರಿ ತೊಳಿಯಾಕಿ" ಎಂದೆ.

ಟ್ಯಾಂಕು ಯಾಕೆ ತುಂಬಲೇಬೇಕು ಎಂಬುದನ್ನು ನಾನು ಆಮೇಲೆ ಕೇಳಿ ತಿಳಿದುಕೊಂಡೆ. ಬಿಳಿ ವೈನಿಗೆ ಗಾಳಿ ಶತ್ರು. ರಸ ಹುದುಗಿ ಮುಗಿದ ಮೇಲೆ ಟ್ಯಾಂಕಿನಲ್ಲಿ ಖಾಲಿ ಜಾಗ ಉಳಿದರೆ ಗಾಳಿ ಸೇರಿ, ಹೆಚ್ಚಿಟ್ಟ ಬದನೆಕಾಯಿಯಂತೆ ಬಣ್ಣ ತಿರುಗುತ್ತದೆ. ಅವಳ ಹತ್ತಿರ ಇದ್ದದ್ದು ಆ ಒಂದೇ ಟ್ಯಾಂಕು. ಅದರ ಪಕ್ಕಕ್ಕೆ ಬುಡದಿಂದ ಮೇಲಿನವರೆಗೆ ಒಂದು ಪಾರದರ್ಶಕ ನಳಿಕೆ ಇತ್ತು. ಒಳಗೆ ರಸ ಎಷ್ಟಿದೆಯೋ ನಳಿಕೆಯಲ್ಲಿಯೂ ಅಷ್ಟೇ ಏರುತ್ತದೆ. ನನಗೆ ಸಲೈನ್ ಪೈಪು ಕಂಡಷ್ಟು ಸಂತೋಷವಾಯಿತು. ರಸ ಎಲ್ಲಿಯವರೆಗೆ ಬರಬೇಕೋ ಅಲ್ಲಿಗೆ ಬ್ಯಾಗಿನಿಂದ ಬಿಳಿ ಪ್ಲಾಸ್ಟರ್ ಪಟ್ಟಿ ತೆಗೆದು ಅಂಟಿಸಿದೆ. ಅಂದಿನಿಂದ ಶೆಡ್ಡಿಗೆ ಬಂದವರೆಲ್ಲ ಮೊದಲು ನೋಡುತ್ತಿದ್ದದ್ದು ಆ ಪಟ್ಟಿಯನ್ನು.

ಕೆಲಸಕ್ಕೆ ಕ್ರಮ ಹಾಕಿದೆ. ಹೊರಗಿನ ಚಪ್ಪಲಿ ಹೊರಗೆ. ಮೊದಲು ತಣ್ಣೀರು, ಆಮೇಲೆ ಬಿಸಿನೀರು, ಆಮೇಲೆ ಔಷಧದ ನೀರು, ಮತ್ತೆ ತಣ್ಣೀರು. ಪೈಪು ಬಗ್ಗಿಸಿ ಇಡುವಂತಿಲ್ಲ, ಇಳಿಬಿಟ್ಟು ತೂಗುಹಾಕಬೇಕು. ಕೂಲಿ ಹೆಂಗಸರ ಮುಂದಾಳು ಒಬ್ಬಳಿದ್ದಳು. ಮೊದಲು ಅದಿರಿನ ಬುಟ್ಟಿ ಹೊತ್ತವಳು, ದೊಡ್ಡ ಗಂಟಲು, ಅದಕ್ಕಿಂತ ದೊಡ್ಡ ನಗು. ಅವಳು ಹೊಸ್ತಿಲಲ್ಲಿ ನಿಂತು ಹೇಳುತ್ತಿದ್ದಳು, "ಬರ್ರೇ ಬರ್ರೇ, ಕಾಲು ತೊಳಕಂಡ್ ಬರ್ರಿ. ಇಲ್ಲಂದ್ರ ಸಿಸ್ಟರಮ್ಮ ಸೂಜಿ ಚುಚ್ತಾಳ."

ಡಿಸೆಂಬರ್ ಕಳೆಯಿತು. ಗೊಂಚಲುಗಳು ಗಟ್ಟಿ ಹಸಿರು ಬಿಟ್ಟು ಮೆತ್ತಗಾದವು, ಬೆಳಕಿಗೆ ಹಿಡಿದರೆ ಒಳಗಿನ ಬೀಜ ಕಾಣುವಷ್ಟು ತಿಳಿಯಾದವು. ಹಕ್ಕಿ ಬಾರದಂತೆ ಮಗಳು ಇಡೀ ಗುಡ್ಡಕ್ಕೆ ಬಲೆ ಹೊದಿಸಿದಳು. ಕೆಳಗಿನಿಂದ ನೋಡಿದರೆ ಗುಡ್ಡ ಸೊಳ್ಳೆಪರದೆ ಹಾಕಿಕೊಂಡು ಮಲಗಿದ ಹಾಗೆ ಕಾಣುತ್ತಿತ್ತು. ನಾನು ದಿನವೂ ಸಂಡೂರು ಬಸ್ಸು ಹಿಡಿದು ಬೆಳಗಾಗುವುದರೊಳಗೆ ಅಲ್ಲಿರುತ್ತಿದ್ದೆ. ಈ ವಯಸ್ಸಿನಲ್ಲಿ ಬಸ್ಸಿನಲ್ಲಿ ಹಾಡು ಗುನುಗುವ ಹೆಂಗಸಾಗುತ್ತೇನೆ ಎಂದು ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ.

ಅಷ್ಟರಲ್ಲಿ ಎಳ್ಳು ಅಮಾವಾಸ್ಯೆ ಬಂತು. ಆ ವರ್ಷ ಅದು ತಡವಾಗಿ, ಹಣ್ಣು ಸಿಹಿ ಹಿಡಿಯುವ ಹೊತ್ತಿಗೆ ಸರಿಯಾಗಿ ಬಂತು.

ನಮ್ಮ ಕಡೆ ಆ ದಿನ ಬೆಳೆ ನಿಂತ ಹೊಲ ಬಸುರಿ. ಸಜ್ಜೆ ಕಡುಬು, ಎಳ್ಳು ಹಚ್ಚಿದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹೋಳಿಗೆ, ಮೊಸರನ್ನ ಎಲ್ಲ ಮಾಡಿಕೊಂಡು ಹೊಲಕ್ಕೆ ಹೋಗಿ, ಬಸುರಿಗೆ ಬಯಕೆ ಊಟ ಕೊಟ್ಟ ಹಾಗೆ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಕಲಸಿ ಹೊಲದ ತುಂಬ ಚೆಲ್ಲಬೇಕು. ಅದೇ ಚರಗ. ಆಮೇಲೆ ಅಲ್ಲಿಯೇ ಕುಳಿತು ಉಣ್ಣಬೇಕು. ಕೂಲಿ ಹೆಂಗಸರು ಬೆಳಗ್ಗೆಯೇ ಬುತ್ತಿ ಕಟ್ಟಿಕೊಂಡು ಬಂದಿದ್ದರು. ನಾವು ಶೆಡ್ಡಿನ ಮುಂದೆ ಇನ್ನೂ ಬುಟ್ಟಿ ಜೋಡಿಸುತ್ತಿದ್ದಾಗ ಕೆಳಗೆ ಒಂದು ಕಾರು ನಿಂತಿತು. ಇಳಿದವರು ತಂಗಿಯ ಗಂಡ. ತಲೆಗೆ ರುಮಾಲು, ಕಂಕುಳಲ್ಲಿ ಬಿದಿರು ಬುಟ್ಟಿ, ಹಿಂದೆ ನಗು ತಡೆದುಕೊಂಡ ತಂಗಿ.

ಮಗಳ ಕೈಯಲ್ಲಿದ್ದ ಬುಟ್ಟಿ ಜಾರಿತು. "ಅಪ್ಪಾಜಿ, ನೀವು?"

"ಬೆಳಿ ಯಾವ್ದರ ಇರ್ಲಿ. ಭೂಮಿ ನಮ್ಮದೈತಿ, ಆಕಿ ಬಸುರಿ ಅದಾಳ. ಉಪಾಸ ಇಡಾಕ ಆಗ್ತೈತೇನು?" ಎಂದು ಅವರು ಗುಡ್ಡ ನೋಡಿದರು. "ಇದೇನಿದು, ಬಲೆ? ಬಾಯಿಗೆ ಜಾಳಿಗಿ ಕಟ್ಟಿ ಊಟ ಬಡಸ್ತಾರೇನ್ಲೇ? ಎತ್ರಿ, ಎತ್ರಿ."

ಮಗಳು ನನ್ನ ಮುಖ ನೋಡಿದಳು. ಮೂರು ವರ್ಷ ಈ ಮಣ್ಣು ತುಳಿಯದ ಮನುಷ್ಯ ಬುಟ್ಟಿ ಹೊತ್ತು ಬಂದು ನಿಂತಿದ್ದಾರೆ. ಬೇಡ ಎನ್ನುವುದು ಹೇಗೆ? "ಸಂಜಿಗೆ ಮತ್ತ ಹೊಚ್ಚಿದ್ರಾತು" ಎಂದಳು. ಹೇಳುವುದೇ ತಡ, ಮುಂದಾಳು ಸೀರೆ ಕಚ್ಚೆ ಬಿಗಿದಳು. ಹೆಂಗಸರು ಕೇಕೆ ಹಾಕುತ್ತ ಕೆಳಗಿನಿಂದ ಸಾಲು ಸಾಲಾಗಿ ಬಲೆ ಎತ್ತಿ ಹಂದರದ ಮೇಲೆ ಮಡಚುತ್ತ ಹೊರಟರು.

ಎಂಥ ಬೆಳಗು ಅದು! ಸಾಹುಕಾರರು ಬುಟ್ಟಿಯಿಂದ ಹಿಡಿ ತುಂಬಿ ಬೀಸಿ ಎಸೆದು "ಹುಲ್ಲುಲ್ಲಿಗೋ" ಎಂದರೆ ಹಿಂದಿನಿಂದ ಎಲ್ಲರೂ "ಚಳ್ಳಂಬರಿಗೋ" ಎಂದು ಕೂಗುವುದು. ಗುಡ್ಡ ಅದನ್ನೇ ತಿರುಗಿ ಕೂಗುವುದು. ಬಳ್ಳಿಯ ಬುಡಕ್ಕೆ, ಸಾಲಿನ ನಡುವೆ, ಕಡುಬಿನ ಚೂರು, ಅನ್ನದ ಅಗುಳು ಬಿದ್ದವು. ಕಂಪ್ಲಿಯ ಸಪಾಟು ಗದ್ದೆಯಲ್ಲಿ ಚರಗ ಚೆಲ್ಲಿದವರಿಗೆ ಈ ಏರು ಹೊಸದು. ಮುಕ್ಕಾಲು ಗುಡ್ಡ ಹತ್ತುವಷ್ಟರಲ್ಲಿ ಮೊಣಕಾಲು ಹಿಡಿದು ನಿಂತರು. ಅದರ ಮೇಲೆ ಇನ್ನೂ ಒಂದಷ್ಟು ಸಾಲುಗಳಿದ್ದವು, ಎಲ್ಲಕ್ಕಿಂತ ಕಡಿದಾದವು. ಅಲ್ಲಿಂದಲೇ ಮೇಲಕ್ಕೆ ಎಸೆದರು, ಮುಟ್ಟಲಿಲ್ಲ.

"ಸಾವ್ಕಾರ್ರ, ಅಲ್ಲಿ ಭೂಮ್ತಾಯಿಗೆ ಹಸಿವಾಗಲ್ಲೇನ್ರಿ?" ಎಂದಳು ಮುಂದಾಳು.

"ಅಲ್ಲಿ ಆಕಿ ಗುಡ್ಡಾ ಹತ್ತಿ ಹತ್ತಿ ಹಸಿವು ಸತ್ತೈತಿ ಬಿಡು" ಎಂದು ಅವರು ಏದುಸಿರಿನಲ್ಲೇ ನಕ್ಕರು. ಮೇಲಿನ ಆ ಸಾಲುಗಳ ಬಲೆ ಎತ್ತುವ ಕೆಲಸವೇ ಬರಲಿಲ್ಲ.

ಸಂಜೆ ಬಲೆಗಳನ್ನು ಎಳೆದು ಮತ್ತೆ ಹೊದಿಸಿದೆವು. ಅಂಚುಗಳಿಗೆ ಕಲ್ಲು ಇಟ್ಟೆವು. ಒಂದು ವಿಷಯ ಮಾತ್ರ ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಚರಗ ಈಗ ಬಲೆಯ ಒಳಗಿತ್ತು.

ಮರುದಿನ ಬಸ್ಸಿಳಿದು ನಡೆಯುತ್ತಿದ್ದಾಗಲೇ ಗದ್ದಲ ಕೇಳಿಸಿತು. ಗೊರವಂಕಗಳು ನೆಲಕ್ಕೆ ಬಿದ್ದ ಅನ್ನದ ಆಸೆಗೆ ಕಲ್ಲುಗಳ ಸಂದಿಯಲ್ಲಿ ನುಸುಳಿದ್ದವು. ಒಳಗೆ ಹೋದ ಮೇಲೆ ತಲೆ ಎತ್ತಿ ನೋಡಿವೆ. ತಲೆಯ ಮೇಲೆ ಸಿಹಿ ಹಿಡಿದ ಗೊಂಚಲು! ಅವುಗಳ ಸಂಭ್ರಮ ಕೇಳಿ ಗಿಳಿಗಳೂ ಬಂದವು. ಬಲೆಯ ಮೇಲೆಯೇ ಕುಳಿತು, ಬಳ್ಳಿಗೆ ಒತ್ತಿದ ಕಡೆ ಕೊಕ್ಕು ಇಳಿಸಿ ಕಡಿಯುತ್ತಿದ್ದವು. ಕುಕ್ಕಿದ ಹಣ್ಣಿನ ರಸ ಸೋರಿ, ಅದಕ್ಕೆ ಕಣಜ, ಇರುವೆ. ಹೀಗೇ ಬಿಟ್ಟರೆ ಒಂದು ಕೊಳೆತ ಹಣ್ಣು ಇಡೀ ಗೊಂಚಲನ್ನು ಕೊಳೆಸುತ್ತದೆ. ಚೆಲ್ಲಿದ ಚರಗವನ್ನು ಆರಿಸಿ ತೆಗೆಯೋಣವೆಂದರೆ ಹೆಂಗಸರು ಯಾರೂ ಕೈ ಹಚ್ಚರು. ಬಸುರಿಯ ಬಾಯೊಳಗಿನ ತುತ್ತು ಕಸಿಯುವುದುಂಟೆ? ನನಗೂ ಕೈ ಬರಲಿಲ್ಲ, ನಿಜ ಹೇಳುತ್ತೇನೆ.

ಮಗಳು ಕೆಳಗಿನ ಸಾಲಿನಲ್ಲಿ ಒಂದು ಗೊಂಚಲು ಹಿಡಿದು ನಿಂತಿದ್ದಳು. "ದೊಡ್ಡವ್ವ, ಹಿಂಗ ಹೋದ್ರ ಟ್ಯಾಂಕು ಪಟ್ಟಿ ಮುಟ್ಟಲ್ಲ" ಎಂದಳು. ಅತ್ತಿರಲಿಲ್ಲ, ಆದರೆ ದನಿ ಬಹಳ ಸಣ್ಣದಾಗಿತ್ತು.

ಕಂಪ್ಲಿಗೆ ಫೋನ್ ಮಾಡಲು ಅವಳಿಗೂ ಮನಸ್ಸಿಲ್ಲ, ನನಗೂ ಇಲ್ಲ. ಮಾಡಿದವಳು ಮುಂದಾಳು. ಸ್ಪೀಕರ್ ಹಾಕಿಯೇ ಮಾತನಾಡಿದಳು. "ಸಾವ್ಕಾರ್ರ, ನಿಮ್ಮ ಚರಗ ಭಾಳ ರುಚಿ ಆಗಿತ್ತಂತ್ರಿ. ಬಂದ ನೆಂಟ್ರು ಹೋಗವಲ್ರು. ಈಗ ನಿಮ್ಮ ಮಗಳನ್ನ ತಿನ್ನಾಕತ್ಯಾರ."

ಆ ಕಡೆ ಅವರು ಯಾರಿಗೋ ಗಿರಣಿ ನಿಲ್ಲಿಸಲು ಹೇಳಿದ್ದು ಕೇಳಿಸಿತು.

ಮರುದಿನ ನಾನು ತಲುಪುವ ಮೊದಲೇ ಅವರು ಅಲ್ಲಿದ್ದರು. ಧೋತರ ಮೇಲೆ ಕಟ್ಟಿ, ಕೈಯಲ್ಲಿ ಕವಣೆ ಹಿಡಿದಿದ್ದರು, ಹಗ್ಗದಿಂದ ಹೆಣೆದ ಹಳೆಯದು, ಚಿಕ್ಕಂದಿನಲ್ಲಿ ಜೋಳ ಕಾಯುತ್ತಿದ್ದದ್ದಂತೆ. "ಊಟಕ್ಕ ಕರದವ ನಾನು, ಕಳಸವನೂ ನಾನ" ಎಂದರು. ಮಾತು ಅಲ್ಲಿಗೆ ಮುಗಿಯಿತು. ನಾಲ್ಕು ಬೊಂಬು ಹೂಳಿಸಿ, ಮೇಲೆ ಹಲಗೆ ಹಾಸಿ, ಗುಡ್ಡದ ಬುಡದ ಹತ್ತಿರ ಅಟ್ಟಣಿಗೆ ಕಟ್ಟಿಸಿದರು. ಮೊಣಕಾಲಿಗೆ ಅಷ್ಟೇ ಎತ್ತರ ಸಾಧ್ಯ. ಅದರ ಮೇಲೆ ಕುಳಿತು ಕವಣೆ ತಲೆಯ ಸುತ್ತ ತಿರುಗಿಸಿ "ಹೋಯ್!" ಎಂದು ಕಲ್ಲು ಬಿಟ್ಟರೆ, ಬಳ್ಳಿಗೆ ತಾಗದೆ, ಸಾಲಿನ ನಡುವೆ ಟಪ್ಪೆಂದು ಬೀಳುವುದು. ಹಕ್ಕಿಗಳ ಹಿಂಡು ಹಸಿರು ಬಟ್ಟೆ ಒದರಿದಂತೆ ಏಳುವುದು. ಹೆಂಗಸರು ಚಪ್ಪಾಳೆ ತಟ್ಟಿದರು. ಸಾಹುಕಾರರಿಗೂ ಹುರುಪು ಏರಿತು.

ನನಗೆ ಇದು ವಾರ್ಡಿನ ಕೆಲಸದಂತೆಯೇ ಕಂಡಿತು. ಕಾವಲಿಗೆ ಪಾಳಿ ಹಾಕಿದೆ. ಬೆಳಗಿನ ಪಾಳಿ ಸಾಹುಕಾರರದು, ಮಧ್ಯಾಹ್ನ ಹೆಂಗಸರದು ಡಬ್ಬಿ ಬಡಿತದೊಡನೆ, ಸಂಜೆಯದು ಮತ್ತೆ ಸಾಹುಕಾರರದು. ಪಾಳಿ ಬದಲಾಗುವಾಗ ಯಾವ ಸಾಲಿಗೆ ಯಾವ ಹಕ್ಕಿ ಬಂದಿತ್ತು ಎಂದು ಮುಂದಿನವರಿಗೆ ಹೇಳಿಯೇ ಇಳಿಯಬೇಕು. ಒಂದು ದಿನ ಸಾಹುಕಾರರು ಹೇಳದೆ ಇಳಿದರು. ನಾನು ಮೆಟ್ಟಿಲ ಬುಡದಲ್ಲಿ ನಿಂತು, "ಡ್ಯೂಟಿ ಒಪ್ಪಿಸದ ಹೊಂಟ್ರೇನು?" ಎಂದೆ. ಸುಮ್ಮನೆ ಮತ್ತೆ ಹತ್ತಿ, ಕೈ ಮಾಡಿ ತೋರಿಸಿ ಎಲ್ಲ ಹೇಳಿ ಇಳಿದರು. ತಂಗಿ ಇದನ್ನು ಕೇಳಿ ಇನ್ನೂ ನಗುತ್ತಾಳೆ.

ಅಟ್ಟಣಿಗೆಯ ಮೇಲೆ ಕುಳಿತ ಮನುಷ್ಯ ಸುಮ್ಮನೆ ಎಷ್ಟು ಹೊತ್ತು ಹಕ್ಕಿ ನೋಡಿಯಾನು? ಹಣ್ಣನ್ನೂ ನೋಡತೊಡಗಿದರು. "ಈ ಸಾಲು ನಿನ್ನೆಗಿಂತ ಬೆಳ್ಳಗಾಗೈತಿ ನೋಡ್ಲೇ" ಎಂದು ಮಗಳಿಗೆ ಕೂಗಿ ಹೇಳುವರು. ಸಿಹಿ ಅಳೆಯಲು ಅವಳ ಹತ್ತಿರ ಬೆರಳುದ್ದದ ಒಂದು ದುರ್ಬೀನು ಇತ್ತು. ಅದರ ಗಾಜಿಗೆ ಒಂದು ಹನಿ ರಸ ಹಿಂಡಿ ಬೆಳಕಿಗೆ ಹಿಡಿದರೆ ಒಳಗೆ ಗೆರೆ ಕಾಣುತ್ತದೆ. ಅದನ್ನು ಕಣ್ಣಿಗೆ ಹಿಡಿದು "ಏನೂ ಕಾಣವಲ್ದು" ಎನ್ನುವರು, ಆಮೇಲೆ "ಆಹಾ" ಎನ್ನುವರು. ಆದರೆ ಶೆಡ್ಡಿನ ಒಳಗೆ ಮಾತ್ರ ಕಾಲಿಡಲಿಲ್ಲ. ಪಣದ ಮಾತನ್ನೂ ಎತ್ತಲಿಲ್ಲ, ಮಗಳೂ ಎತ್ತಲಿಲ್ಲ. ದಾಳಿಂಬೆಯವರು ಮತ್ತೊಮ್ಮೆ ಬಂದು ಹೋದರೆಂದು ತಂಗಿಯಿಂದ ತಿಳಿಯಿತು. "ಬಳ್ಳಿ ಸುಗ್ಗಿ ಆಗ್ಲಿ, ಹೇಳ್ತೀನಿ" ಎಂದಿದ್ದರಂತೆ.

ಸುಗ್ಗಿಯ ದಿನ ಬಂತು. ಬಿಳಿ ಹಣ್ಣನ್ನು ತಂಪು ಇರುವಾಗಲೇ ಕೊಯ್ಯಬೇಕು, ಬಿಸಿಲೇರಿದರೆ ಸುವಾಸನೆ ಹಾರುತ್ತದೆ. ಹಣೆಗೆ ಬ್ಯಾಟರಿ ಕಟ್ಟಿಕೊಂಡು ಹೆಂಗಸರು ನಸುಕಿನಲ್ಲೇ ಗುಡ್ಡ ಹತ್ತಿದರು. ಕೆಳಗೆ ನಿಂತು ನೋಡಿದರೆ ಬಳ್ಳಿಗಳ ನಡುವೆ ದೀಪಗಳೇ ಓಡಾಡುತ್ತಿದ್ದವು. ಬುಟ್ಟಿ ಹೊತ್ತು ಆ ಏರಿನಲ್ಲಿ ಇಳಿಯುವುದು ಅಪಾಯ. ಅದಕ್ಕೆ ಮುಂದಾಳು ತನ್ನ ಹಳೆಯ ಅದಿರಿನ ಕ್ರಮ ಹಾಕಿದಳು. ಮೇಲಿನಿಂದ ಕೆಳಗಿನವರೆಗೆ ಸಾಲಾಗಿ ನಿಲ್ಲುವುದು, ಬುಟ್ಟಿ ಕೈಯಿಂದ ಕೈಗೆ ಇಳಿಯುವುದು. "ಹಿಡಿ ಅವ್ವ ಹಿಡಿ, ಕೂಸೈತಿ, ಜ್ವಾಕಿ!" ಎಂದು ಅವಳ ದನಿ.

ಕೆಳಗೆ ನನ್ನ ಮೇಜು. ಬಿಳಿ ಬಟ್ಟೆ ಹಾಸಿ, ಸಣ್ಣ ಕತ್ತರಿಗಳನ್ನು ಸಾಲಾಗಿ ಇಟ್ಟಿದ್ದೆ. ಕುಕ್ಕಿದ್ದು, ಒಡೆದದ್ದು, ಕಂದಿದ್ದು ಯಾವುದೂ ದಾಟುವಂತಿಲ್ಲ. ಒಂದೊಂದು ಗೊಂಚಲನ್ನೂ ತಿರುಗಿಸಿ ನೋಡಿ ಕತ್ತರಿಸುತ್ತಿದ್ದೆವು. "ಸಿಸ್ಟರಮ್ಮ ಹಣ್ಣಿಗೂ ಆಪರೇಷನ್ ಮಾಡಸಾಕತ್ತಾಳ, ಬದುಕ್ತೈತೇನ್ರಿ?" ಎಂದು ಪಕ್ಕದವಳು. "ಬಾಯಿ ಮುಚ್ಚಿದ್ರ ಬದುಕ್ತೈತಿ" ಎಂದೆ. ಕೆಟ್ಟ ಹಣ್ಣಿನಿಂದ ಬಕೆಟ್ಟುಗಳು ತುಂಬುತ್ತಿದ್ದವು, ಆದರೂ ಕೈ ಸಡಿಲಿಸಲಿಲ್ಲ.

ಪ್ರೆಸ್ಸು ಎಂದರೆ ತೂತು ತೂತಿನ ಉಕ್ಕಿನ ಪೀಪಾಯಿ, ನಡುವೆ ಒಂದು ರಬ್ಬರ್ ಚೀಲ. ಚೀಲಕ್ಕೆ ನೀರು ಬಿಟ್ಟರೆ ಅದು ಬಿ.ಪಿ. ನೋಡುವ ಪಟ್ಟಿಯಂತೆ ಉಬ್ಬಿ ಸುತ್ತಲಿನ ಹಣ್ಣನ್ನು ಮೆಲ್ಲಗೆ ಒತ್ತುತ್ತದೆ. ಮೊದಲ ರಸ ಇಳಿಯಿತು. ಎಳೆ ಜೋಳದ ಹಾಲಿನ ಬಣ್ಣ, ಜೇನು ಮತ್ತು ಪೇರಲದ ವಾಸನೆ. ಎಲ್ಲರೂ ಒಟ್ಟಿಗೆ ಮಾತನಾಡಿದರು. ರಸ ಪೈಪಿನಲ್ಲಿ ಹರಿದು ಟ್ಯಾಂಕಿಗೆ ಬಿತ್ತು. ನಳಿಕೆಯಲ್ಲಿ ಏರತೊಡಗಿತು.

ಏರಿತು, ಏರಿತು, ನನ್ನ ಪ್ಲಾಸ್ಟರ್ ಪಟ್ಟಿಗೆ ಇನ್ನೂ ಒಂದೂವರೆ ಗೇಣು ಇರುವಾಗ ನಿಂತಿತು.

ಪ್ರೆಸ್ಸು ಖಾಲಿ, ಮೇಜು ಖಾಲಿ. ಮೇಲಿನಿಂದ ಬುಟ್ಟಿ ಬರುವುದು ನಿಂತಿತ್ತು. ಮಗಳು ನಳಿಕೆಯ ಮುಂದೆ ನಿಂತು ನೋಡುತ್ತಲೇ ಇದ್ದಳು, ನೋಡಿದರೆ ಏರೀತೇನೋ ಎಂಬಂತೆ. ಹೊಸ್ತಿಲ ಹೊರಗೆ ಅವಳ ಅಪ್ಪ. ಅವರಿಗೂ ನಳಿಕೆ ಕಾಣುತ್ತಿತ್ತು.

"ಮ್ಯಾಲಿನ ಸಾಲು ಹಂಗ ಅದಾವಲ್ಲ?" ಎಂದರು ಅವರು ಅಲ್ಲಿಂದಲೇ.

"ಅವು ಇನ್ನೂ ಹುಳಿ ಅಪ್ಪಾಜಿ. ಮ್ಯಾಲೆ ಥಂಡಿ ಜಾಸ್ತಿ, ಹಣ್ಣು ತಡ. ಇನ್ನೂ ಒಂದು ವಾರ ಬೇಕು. ಈ ರಸ ಅಲ್ಲಿಮಟ ಕಾಯಂಗಿಲ್ಲ."

"ಯಾವಾಗ ನೋಡೀದಿ?"

"ಮೊನ್ನೆ."

"ನಿನ್ನೆ ಸಂಜಿಯಿಂದ ಗಿಳಿ ಕೆಳಗಿನ ಸಾಲು ಬಿಟ್ಟು ಮ್ಯಾಲಿನ ಬಲೆಗೆ ಹೊಂಟಾವ. ನನ್ನ ಕಲ್ಲು ಅಲ್ಲಿಗೆ ಮುಟ್ಟವಲ್ದು ಅಂತ ಸಿಟ್ಟು ಬಂದಿತ್ತು. ಹುಳಿ ಇದ್ರ ಅವಕ್ಕೇನ್ ಹುಚ್ಚೇನು?"

ಮಗಳು ದುರ್ಬೀನು ಹಿಡಿದು ಹೊರಗೆ ಓಡಿದಳು. ಆ ಕಲ್ಲುಗಳ ಮೇಲೆ ಅವಳು ಓಡಿ ಹತ್ತಿದ್ದನ್ನು ನೆನೆದರೆ ಈಗಲೂ ಅಂಗಾಲು ಜುಮ್ಮೆನ್ನುತ್ತದೆ. ನಾವು ಕೆಳಗೆ ಕತ್ತು ಎತ್ತಿ ನಿಂತೆವು. ಅವಳು ಒಂದು ಗೊಂಚಲು ಹಿಂಡಿದಳು, ನೋಡಿದಳು. ಇನ್ನೊಂದು ಸಾಲಿಗೆ ಹೋಗಿ ಹಿಂಡಿದಳು, ನೋಡಿದಳು. ಮೂರನೆಯದಕ್ಕೆ ಹೋದಳು.

"ಏನಾತ್ಲೇ?" ಎಂದು ಅಪ್ಪ ಕೂಗಿದರು.

"ಆಗೈತೀ!" ಎಂದು ಮೇಲಿನಿಂದ ಬಂತು. "ಹುಳಿ ಸ್ವಲ್ಪ ಐತಿ. ಇರ್ಲಿ, ಕೆಳಗಿನ ರಸಕ್ಕ ಅದ ಬೇಕಾಗಿತ್ತು. ಬರ್ರೀ, ಜಲ್ದಿ ಬರ್ರೀ!"

ಬಿಸಿಲು ಆಗಲೇ ಗುಡ್ಡದ ಹೆಗಲಿಗೆ ಬಂದಿತ್ತು. ಮತ್ತೆ ಸಾಲು ಕಟ್ಟಿದರು, ಈ ಸಲ ಮೇಲಿನ ತುದಿಯವರೆಗೆ. ಜನ ಸಾಲದೆ ನಡುವೆ ಒಂದು ಜಾಗ ತೆರವು ಬಿತ್ತು. ಸಾಹುಕಾರರು ಚಪ್ಪಲಿ ಕಳೆದಿಟ್ಟು ಕೈ ಊರಿ ಕಲ್ಲು ಹಿಡಿದು ಹತ್ತಿದರು. ಮೊಣಕಾಲು ಒಪ್ಪುವಷ್ಟು ದೂರ ಹೋಗಿ, ತೆರವಾದ ಜಾಗದಲ್ಲಿ ಒಂದು ಬಂಡೆಯ ಮೇಲೆ ಕುಳಿತೇ ಕೈ ಚಾಚಿದರು. ಬುಟ್ಟಿಗಳು ಅವರ ಮಡಿಲ ಮೇಲೆ ಹಾಯ್ದು ಬಂದವು. "ಹಿಡಿ ಅವ್ವ ಹಿಡಿ" ಎಂಬ ಕೂಗಿನ ನಡುವೆ ಮುಂದಾಳು "ಹಿಡೀರಿ ಸಾವ್ಕಾರ್ರ ಹಿಡೀರಿ, ಮೊಮ್ಮಗ ಬಂದಾನ!" ಎಂದಳು. ಗುಡ್ಡಕ್ಕೆ ಗುಡ್ಡವೇ ನಕ್ಕಿತು.

ಗಿಳಿ ಕಡಿದ ಒಂದೆರಡು ಗೊಂಚಲು ಬಿಟ್ಟರೆ ಈ ಹಣ್ಣಿನ ಮೇಲೆ ಕುಕ್ಕೇ ಇರಲಿಲ್ಲ. ಬಲೆ ಎತ್ತದೆ ಉಳಿದ ಸಾಲುಗಳಲ್ಲವೇ? ನನ್ನ ಕತ್ತರಿಗಳಿಗೆ ಹೆಚ್ಚು ಕೆಲಸವಿಲ್ಲದೆ ಗೊಂಚಲುಗಳು ಮೇಜು ದಾಟಿದವು. ಪ್ರೆಸ್ಸು ತುಂಬಿತು, ಚೀಲ ಉಬ್ಬಿತು. ನಾನು ನಳಿಕೆಯ ಪಕ್ಕ ನಿಂತೆ. ಒಂದು ಗೇಣು. ನಾಲ್ಕು ಬೆರಳು. ಎರಡು. ರಸ ಪಟ್ಟಿಯ ಕೆಳ ಅಂಚು ಮುಟ್ಟಿತು. ಆಮೇಲೆ ಪಟ್ಟಿಯೇ ರಸದ ಮುಂದೆ ನಿಂತ ಬಿಳಿ ಗೆರೆಯಾಯಿತು.

"ದಾಟಿತು!" ಎಂದು ಕೂಗಿದವಳು ನಾನೇ. ಅಷ್ಟು ಜೋರಾಗಿ ನಾನು ಎಲ್ಲಿಯೂ ಕೂಗಿದವಳಲ್ಲ. ಹೆಂಗಸರು ನನ್ನನ್ನು ಎತ್ತಿಬಿಟ್ಟರು, ಹೊರಗಿನ ಚಪ್ಪಲಿಯಲ್ಲೇ ಒಳಗೆ ಬಂದಿದ್ದರು, ನಾನು ಬೈಯಲಿಲ್ಲ.

ಸಾಹುಕಾರರು ಬಾಗಿಲಿಗೆ ಬಂದರು. ಕಾಲಿನ ಮಣ್ಣು ನೋಡಿಕೊಂಡು, ನಲ್ಲಿಯಲ್ಲಿ ತೊಳೆದುಕೊಂಡು, ಮೊದಲ ಬಾರಿಗೆ ಒಳಗೆ ಕಾಲಿಟ್ಟರು. ನಳಿಕೆಯ ಮೇಲೆ ಪಟ್ಟಿ ಇದ್ದ ಕಡೆ ಬೆರಳಿಟ್ಟು ನೋಡಿದರು. ಆಮೇಲೆ ನನ್ನನ್ನು ಕೇಳಿದರು, "ಅಕ್ಕಾರ, ಇದು ಇನ್ನೂ ಸೆರೆ ಆಗಿಲ್ಲಲ್ಲ?"

"ಇಲ್ಲ. ಈಗ ಬರೇ ಹಣ್ಣಿನ ರಸ."

"ಹಂಗಾರ ಒಂದು ಲೋಟ ಕೊಡ್ರಿ."

ಮಗಳೇ ತಂದು ಕೊಟ್ಟಳು. ಲೋಟ ತುಟಿಗೆ ತಾಗಿಸದೆ ಎತ್ತಿ ಕುಡಿದರು. ಮೊದಲು ಮುಖ ಅರಳಿತು, ಆಮೇಲೆ ಹುಳಿಗೆ ಒಂದು ಕಣ್ಣು ಮುಚ್ಚಿತು. ಮಗಳು ಅವರ ಬಾಯನ್ನೇ ನೋಡುತ್ತಿದ್ದಳು. ಅವರು ಹೊರಗೆ ನಡೆದು, ಅಂಗಳದಲ್ಲಿ ನಿಂತು, ಕೈ ಅಡ್ಡ ಹಿಡಿದು ಗುಡ್ಡ ನೋಡಿದರು.

"ಲೇ ಮಗಳ, ಮುಂದಿನ ವರ್ಷ ಅಟ್ಟಣಿಗಿ ಇಲ್ಲಿ ಬ್ಯಾಡ" ಎಂದರು. "ಇಲ್ಲಿಂದ ಮ್ಯಾಲಿನ ಸಾಲಿಗೆ ಕಲ್ಲು ಮುಟ್ಟಂಗಿಲ್ಲ. ಅರ್ಧ ಗುಡ್ಡಕ್ಕ ಹಾಕ್ಸು. ಹತ್ತಾಕ ನನಗ ನಾಕು ಮೆಟ್ಲ ಕಡಸು."

ಮಗಳು ಹಾರೆ ತರಲು ಓಡಿದಳು. ಮುಂದಾಳು ಬಿಡುವವಳಲ್ಲ. "ಮತ್ತ ಚರಗಾ ಸಾವ್ಕಾರ್ರ?"

"ಚರಗ ಬಿಡಾಕ ಬರ್ತೈತೇನು? ಚೆಲ್ಲಾಣ. ಬಲೆ ಎತ್ತದ, ಹೊರಗ ಚೆಲ್ಲಾಣ. ಹಕ್ಕಿಗೂ ಹೊರಗ ಉಂಡು ರೂಢಿ ಆಗ್ಲಿ."

ನಾನು ಅವರ ಕೈಯಿಂದ ಲೋಟ ತೆಗೆದುಕೊಂಡು ತೊಳೆಯಲು ತಿರುಗಿದೆ. ಪ್ರೆಸ್ಸು, ಪೈಪು, ಬುಟ್ಟಿ, ನೆಲ, ಎಲ್ಲ ಬಾಕಿ ಇತ್ತು, ಕ್ರಮ ತಪ್ಪುವಂತಿರಲಿಲ್ಲ. ಕಿಟಕಿಯಿಂದ ನೋಡಿದರೆ ಮಗಳು ಆಗಲೇ ಹಾರೆ ಹೊತ್ತು ಗುಡ್ಡ ಹತ್ತುತ್ತಿದ್ದಳು. ಅಪ್ಪ ಕೆಳಗೆ ನಿಂತು ಕೈ ಬೀಸಿ ಜಾಗ ತೋರಿಸುತ್ತಿದ್ದರು, "ಇನ್ನೂ ಮ್ಯಾಲೆ… ಇನ್ನೂ ಸ್ವಲ್ಪ ಮ್ಯಾಲೆ."